ಚಿಕ್ಕ ಮಕ್ಕಳಿಗೆ ಕಥೆಯ ಕಮ್ಮಟ



ಶಾಲೆಗೆ ಹೊಸದಾಗಿ ಬಂದ ತರಬೇತಿಯ ಮೇಷ್ಟ್ರು ಒಂದು ಗಂಟೆ ಕಾಲ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿ ಮಕ್ಕಳನ್ನು ಕುಣಿಸಿದರೆ, "ಅಕ್ಷರ ಕಲಿಸಿರೆಂದರೆ ಅಜ್ಜಿಕಥೆ ಹೇಳುತ್ತಾರಲ್ಲ" ಎಂದು ಜಗುಲಿಯ ಮೇಲೆ ಮಾತು ಹುಟ್ಟುವುದುಂಟು. ಮಗು ಬೇಗ ಓದು ಕಲಿಯಲೆಂಬ ಆಸೆಯಿಂದ ಬರುವ ಮಾತು ಅದು, ತಪ್ಪೆನ್ನಲಾಗದು. ಆದರೆ ರಾಗಿ ಬಿತ್ತುವ ಮುನ್ನ ಹೊಲ ಹದಮಾಡುವುದನ್ನು ಯಾವ ರೈತನೂ ಕಾಲಹರಣವೆನ್ನುವುದಿಲ್ಲ. ಅಕ್ಷರದ ಬಿತ್ತನೆಗೆ ಕಥೆಯೇ ಉಳುಮೆ. ಅದು ಹೇಗೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಕಥೆ ಏಕೆ ಬೇಕು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿನ ಮಕ್ಕಳ ಮನೆಮಾತು ಒಂದೇ ಅಲ್ಲ. ಆಂಧ್ರದ ಗಡಿಗೆ ಅಂಟಿದ ಪಾವಗಡದ ಹಳ್ಳಿಗಳಲ್ಲಿ ಅನೇಕ ಮನೆಗಳಲ್ಲಿ ತೆಲುಗು, ಕೆಲವು ಕಡೆ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಕನ್ನಡದ ಮನೆಗಳಲ್ಲಿಯೂ ಆಡುಮಾತು ಬೇರೆ, ಪುಸ್ತಕದ ಮಾತು ಬೇರೆ. ಹೀಗಿರುವಲ್ಲಿ ಮಗುವು ತರಗತಿಯ ಮಾತು ತಿಳಿಯದೆ ಸುಮ್ಮನೆ ಕುಳಿತರೆ ಅದನ್ನು ದಡ್ಡನೆಂದು ಬಗೆಯುವ ಅಪಾಯವಿದೆ. ಒಮ್ಮೆ ಆ ಹೆಸರು ಬಿದ್ದರೆ ಮಗು ಶಾಲೆಗೆ ಬೆನ್ನು ತಿರುಗಿಸುತ್ತದೆ.

ಕಥೆ ಈ ಅಪಾಯವನ್ನು ತಡೆಯುತ್ತದೆ. ಮಾತು ತಿಳಿಯದಿದ್ದರೂ ಕೈಸನ್ನೆ, ಮುಖಭಾವ, ದನಿಯ ಏರಿಳಿತದಿಂದ ಅರ್ಥ ತಿಳಿಯುತ್ತದೆ. ಮತ್ತೆ ಮತ್ತೆ ಬರುವ ಮಾತನ್ನು ಎಲ್ಲರೊಡನೆ ಕೂಗುವಾಗ ನಾಚುವ ಮಗುವೂ ಬಾಯಿ ಬಿಡುತ್ತದೆ. ಮೊದಲು ಏನಾಯಿತು, ಅನಂತರ ಏನಾಯಿತು ಎಂಬ ಕ್ರಮ ಮನಸ್ಸಿನಲ್ಲಿ ನಿಲ್ಲುತ್ತದೆ. ಮುಂದೆ ಓದುವುದಕ್ಕೂ ಲೆಕ್ಕಕ್ಕೂ ಈ ಕ್ರಮವೇ ಆಧಾರ.

ಇದು ಹೊಸ ಹುಚ್ಚಲ್ಲ. ಗುಜರಾತಿನ ಭಾವನಗರದಲ್ಲಿ ವಕೀಲಿ ಬಿಟ್ಟು ಉಪಾಧ್ಯಾಯರಾದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರವನ್ನು ತೆರೆದರು. ಅವರ 'ದಿವಾಸ್ವಪ್ನ'ವೆಂಬ ಪುಸ್ತಕದಲ್ಲಿ, ಗದ್ದಲದ ತರಗತಿಯನ್ನು ಉಪಾಧ್ಯಾಯನು ಬೆತ್ತದಿಂದಲ್ಲ, ಕಥೆಯಿಂದ ಹದಕ್ಕೆ ತರುತ್ತಾನೆ. ನಮ್ಮ ರಾಜ್ಯದಲ್ಲಿಯೇ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ 'ನಲಿ-ಕಲಿ' ಪದ್ಧತಿಯೂ ಹಾಡು, ಕಥೆ, ಆಟಗಳಿಗೆ ಪಾಠದಲ್ಲಿ ಸ್ಥಾನ ಕೊಟ್ಟಿತು.

ಕಮ್ಮಟ ನಡೆಸುವ ಕ್ರಮ

ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಲು ಎರಡು ವರ್ಷದ ತರಬೇತಿ ಇದೆ. ಈ ಅವಧಿಯಲ್ಲಿ ಶಿಕ್ಷಣಾರ್ಥಿಗಳು ಶಾಲೆಗಳಿಗೆ ಬಂದು, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಪಾಠ ಮಾಡಿ ಕಲಿಯುತ್ತಾರೆ. ಎಲ್ಲರಿಗೂ ತಿಳಿದ ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಂಡು ಅವರು ಕೆಲಸ ನಡೆಸಬಹುದಾದ ಬಗೆಯನ್ನು ನೋಡಿ.

1. ಮಕ್ಕಳನ್ನು ಅರ್ಧಚಂದ್ರಾಕಾರವಾಗಿ ಕೂರಿಸುವುದು. ಪುಸ್ತಕ ನೋಡಿ ಓದದೆ, ಮಕ್ಕಳ ಕಣ್ಣು ನೋಡಿ ಹೇಳುವುದು.

2. ಮಳೆ ಬರುವಾಗ ಮಕ್ಕಳಿಂದಲೇ ಮಳೆ ತರಿಸುವುದು. ಒಂದು ಬೆರಳಿನಿಂದ ಅಂಗೈ ತಟ್ಟಿದರೆ ತುಂತುರು. ಎರಡು, ಮೂರು, ಕೊನೆಗೆ ಐದು ಬೆರಳಾದರೆ ಜಡಿಮಳೆ. ಮೊರದಲ್ಲಿ ರಾಗಿ ಆಡಿಸಿದರೆ ಗಾಳಿಮಳೆಯ ಸದ್ದು. ಇದರಲ್ಲಿಯೇ ಐದರ ಎಣಿಕೆಯೂ ಬಂತು.

3. ಸೆಗಣಿಯ ಮನೆ ಕರಗಿ ಕಾಗಕ್ಕ ಬಂದು ಬಾಗಿಲು ತಟ್ಟುವಾಗ ಅರ್ಧ ಮಕ್ಕಳು ಕಾಗಕ್ಕ, ಅರ್ಧ ಮಕ್ಕಳು ಗುಬ್ಬಕ್ಕ. ಒಳಗಿನ ಗುಬ್ಬಕ್ಕ ಮಗುವಿಗೆ ನೀರು ಹಾಕುತ್ತಿದ್ದೇನೆ, ಉಣ್ಣಿಸುತ್ತಿದ್ದೇನೆ ಎಂದು ನೆವ ಹೇಳುತ್ತಾಳಲ್ಲವೆ? ಹೊಸ ಹೊಸ ನೆವಗಳನ್ನು ಮಕ್ಕಳೇ ಹುಡುಕಲಿ. ಮನೆಗೆಲಸದ ಹತ್ತಾರು ಮಾತುಗಳು ತಾವಾಗಿ ಹೊರಡುತ್ತವೆ.

4. ಬಾಗಿಲು ತೆರೆಯುವ ಮುನ್ನ ಕಥೆ ನಿಲ್ಲಿಸಿ, "ಬಾಗಿಲು ತೆಗೆಯಬೇಕೋ, ಬೇಡವೋ?" ಎಂದು ಕೇಳುವುದು. ಒಂದು ಮಗು "ಪಾಪ, ನೆನೆದಿದೆ" ಎನ್ನಬಹುದು. ಇನ್ನೊಂದು "ಕಾಗೆ ಮರಿಗಳನ್ನು ತಿನ್ನುತ್ತೆ" ಎನ್ನಬಹುದು. ಎರಡರಲ್ಲಿಯೂ ವಿಚಾರವಿದೆ. ಇಲ್ಲಿ ಉಪಾಧ್ಯಾಯನು ಅವಸರದಿಂದ ನೀತಿ ಹೇಳಿ ಮಕ್ಕಳ ಬಾಯಿ ಕಟ್ಟಬಾರದು. ಕಮ್ಮಟದ ತಿರುಳೇ ಈ ಪ್ರಶ್ನೆ.

5. ಕಥೆ ಮುಗಿದ ಮೇಲೆ ಅಂಗಳದಲ್ಲಿ ಮಣ್ಣಿನದೊಂದು, ಕಲ್ಲಿನದೊಂದು ಪುಟ್ಟ ಮನೆ ಕಟ್ಟಿ ಚೊಂಬಿನಿಂದ ನೀರು ಹೊಯ್ಯುವುದು. ಯಾವುದು ಕರಗಿತು, ಏಕೆ ಕರಗಿತು ಎಂದು ಕೇಳುವುದು. ನಮ್ಮ ಬದುಗಳು ಮಳೆಗೆ ಕೊಚ್ಚಿಹೋಗುವ ಪಾಠವೂ ಇದೇ.

6. ಕಡೆಯಲ್ಲಿ ಚಿತ್ರ ಬರೆಸಿ, ಕಾಗೆಯ ಕೆಳಗೆ 'ಕಾ', ಗುಬ್ಬಿಯ ಕೆಳಗೆ 'ಗು' ಬರೆದು ತೋರಿಸುವುದು. ತಾನು ಆಡಿದ ಕಥೆಯ ಅಕ್ಷರವನ್ನು ಮಗು ಸುಲಭವಾಗಿ ಮರೆಯದು.

ಎಚ್ಚರಿಕೆಯ ಮಾತು

ತೆಲುಗಿನ ಮಗು ಗುಬ್ಬಿಗೆ 'ಪಿಚ್ಚುಕ' ಎಂದರೆ ನಗಬಾರದು, ಗದರಿಸಲೂ ಬಾರದು. "ಹೌದು, ಪಿಚ್ಚುಕ; ನಾವು ಗುಬ್ಬಿ ಅನ್ನುತ್ತೇವೆ" ಎಂದರೆ ಮಗುವಿಗೆ ಎರಡು ಮಾತು ಸಿಕ್ಕಿತು, ಮಾನವೂ ಉಳಿಯಿತು. ರಾಕ್ಷಸರ ಕಥೆಗೆ ಹೆದರುವ ಕೂಸನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ವೇಷ ಒಲ್ಲದವರನ್ನು ಬಲವಂತಪಡಿಸಬಾರದು. ಯಾರ ಮೈಬಣ್ಣವನ್ನಾಗಲಿ, ಜಾತಿಯನ್ನಾಗಲಿ ನಗೆಗೆ ಗುರಿಮಾಡುವ ಕಥೆ ಬೇಡ.

ಗ್ರಾಮಸ್ಥರು ಮಾಡತಕ್ಕದ್ದೇನು?

ಶಿಕ್ಷಣಾರ್ಥಿಗಳು ಕೆಲವೇ ವಾರ ಇದ್ದು ಹೋಗುವವರು. ಕಥೆಯ ಕಣಜ ಇರುವುದು ಊರಿನಲ್ಲಿ. ಶಿರಾ ಸೀಮೆಯ ಕಾಡುಗೊಲ್ಲರ ಹಿರಿಯರಲ್ಲಿ ದನ ಕಾಯ್ದ ವೀರ ಜುಂಜಪ್ಪನ ಕಥೆಯಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಅವನ್ನು ಕಂಡ ಮಕ್ಕಳಿಗೆ ಜಿಂಕೆಯ ಕಥೆ ದೂರದ್ದಲ್ಲ. ಆದಕಾರಣ ಶಾಲಾಭಿವೃದ್ಧಿ ಸಮಿತಿಯವರು ವಾರಕ್ಕೊಮ್ಮೆ ಊರಿನ ಒಬ್ಬ ಅಜ್ಜಿಯನ್ನೋ ತಾತನನ್ನೋ ಶಾಲೆಗೆ, ಅಂಗನವಾಡಿಗೆ ಕರೆತರಲಿ. ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಕಾಲುಗಂಟೆ ಮೊಬೈಲನ್ನು ಬದಿಗಿಟ್ಟು ಒಂದು ಕಥೆ ಹೇಳಿರಿ. ಮನೆಮಾತು ಯಾವುದಾದರೂ ಸರಿಯೇ.

ಕಥೆ, ಹಾಡು ಬಲ್ಲ ಹೆಂಗಸೊಬ್ಬಳು ಅವನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಾಗ, ಅವು ಬೇಸತ್ತು ಮೈಯಿಂದ ಹೊರಬಿದ್ದು ಮನೆಯಲ್ಲಿ ಜಗಳ ತಂದಿಟ್ಟ ಜನಪದ ಕಥೆಯೊಂದು ಕನ್ನಡದಲ್ಲಿದೆ. ಎ. ಕೆ. ರಾಮಾನುಜನ್ ಅದನ್ನು ಲೋಕಕ್ಕೆ ಪರಿಚಯಿಸಿದರು. ಹೇಳದ ಕಥೆ ಬಿತ್ತದ ಬೀಜದಂತೆ; ಹಗೇವಿನಲ್ಲಿಯೇ ಮುಗ್ಗುತ್ತದೆ.

ಕಮ್ಮಟದಿಂದ ಫಲ ದೊರೆಯಿತೆ ಎಂದು ತಿಳಿಯುವ ಬಗೆ ಸುಲಭ. ಒಂದು ವಾರ ಕಳೆದ ಮೇಲೆ ನಿಮ್ಮ ಮಗುವನ್ನು ಹತ್ತಿರ ಕೂರಿಸಿ ಆ ಕಥೆ ಹೇಳಿಸಿರಿ. ಕ್ರಮ ತಪ್ಪದೆ, ತನ್ನದೊಂದು ಮಾತು ಸೇರಿಸಿ ಹೇಳಿದರೆ, ನೆಲ ಹದಕ್ಕೆ ಬಂದಿದೆಯೆಂದು ತಿಳಿಯಿರಿ. ಇನ್ನು ಬಿತ್ತಬಹುದು.