ಶಿಲಾಸ್ಫೋಟ ಮತ್ತು ಸುರಕ್ಷಿತ ಮನೆ

ಕ್ಯಾಸಂಬಳ್ಳಿ ಹೋಬಳಿಯನ್ನು ಒಳಗೊಂಡ ಕೆ.ಜಿ.ಎಫ್. ತಾಲ್ಲೂಕು ಭಾರತೀಯ ಮಾನಕ ಐಎಸ್ 1893:2016ರ ಭೂಕಂಪ ನಕ್ಷೆಯಲ್ಲಿ 2ನೇ ವಲಯ, ಅಂದರೆ ಕಡಿಮೆ ಅಪಾಯದ ಪ್ರದೇಶ. ಆದರೆ ಇಷ್ಟಕ್ಕೇ ನಿಲ್ಲಬಾರದು. ಇಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿಯ ಆಳ 3 ಕಿ.ಮೀ.ಗೂ ಹೆಚ್ಚು. ಅದಿರು ತೆಗೆದು ಖಾಲಿಯಾದ ಜಾಗದ ಸುತ್ತ ಒತ್ತಡ ಹೆಚ್ಚಿ ಬಂಡೆ ಹಠಾತ್ತನೆ ಸಿಡಿಯುವುದೇ ಶಿಲಾಸ್ಫೋಟ. ಇದು ಕಾರ್ಮಿಕರ ಜೀವ ತೆಗೆದದ್ದಲ್ಲದೆ, ನೆಲದ ಮೇಲಿನ ಕಟ್ಟಡಗಳಿಗೂ ಹಾನಿ ಮಾಡಿತು. ಬಂಡೆಗಳ ಇಂಥ ವರ್ತನೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೆ.ಜಿ.ಎಫ್.ನಲ್ಲೇ ಆರಂಭವಾಯಿತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು.

ಇಂಥ ಅಲುಗಾಟದಿಂದ ಮನೆಯ ರಕ್ಷಣೆ ಹೇಗೆ? ಹಗುರ ಚಾವಣಿ ಬೇಕು. ಇಟ್ಟಿಗೆ ಗೋಡೆಗೆ ಲಿಂಟಲ್ ಮಟ್ಟದಲ್ಲಿ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಬೇಕು. ಈ ಪಟ್ಟಿಯ ನಿಯಮ ಐಎಸ್ 4326ರಲ್ಲಿದೆ. ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ಜೋಡಿಸುವ ಮಾಡ್ಯುಲರ್ ಮನೆ ಬೇಗ ಏಳುತ್ತದೆ, ನಿಜ. ಆದರೆ ಅದರ ಬಲವೆಲ್ಲ ಜೋಡಣೆಯ ಸಂದುಗಳಲ್ಲಿದೆ. ಅಲ್ಲಿ ಸಡಿಲವಾದರೆ ಗೋಡೆ ಎಷ್ಟು ಗಟ್ಟಿಯಿದ್ದರೂ ಮನೆ ಅಲುಗಾಟ ತಡೆಯದು.