ಮಸಿಯಿಲ್ಲದ ಲೇಖನಿ

ನಮ್ಮ ಹಿರಿಯರು ತಾಳೆಗರಿಯ ಮೇಲೆ ಕಂಟವೆಂಬ ಕಬ್ಬಿಣದ ಲೇಖನಿಯಿಂದ ಅಕ್ಷರಗಳನ್ನು ಕೊರೆದು, ಅನಂತರ ಮಸಿ ಬಳಿದು ಅವು ಕಾಣುವಂತೆ ಮಾಡುತ್ತಿದ್ದರು. 1843ರಲ್ಲಿ ಹೆರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ವೂ ಕೈಬರಹವನ್ನೇ ಕಲ್ಲಚ್ಚಿನಲ್ಲಿ ಒತ್ತಿ ತೆಗೆದದ್ದು. ಅಚ್ಚಿನ ಮೊಳೆಗಳೂ ಬಳಿಕ ಕೀಲಿಮಣೆಯೂ ಬಂದ ಮೇಲೆ ಕೈಗೂ ಮುದ್ರಿತ ಅಕ್ಷರಕ್ಕೂ ಇದ್ದ ನಂಟು ಕಡಿಯಿತು. ಗಣಕಯಂತ್ರದ ಗಾಜಿನ ಹಲಗೆಯ ಮೇಲೆ ಬರೆಯತಕ್ಕ ಲೇಖನಿಯು ಆ ನಂಟನ್ನು ಮರಳಿ ಕೂಡಿಸುತ್ತಿರುವುದರಿಂದ ಅದರ ವಿಷಯವಾಗಿ ಹಳೆವಿದ್ಯಾರ್ಥಿನಿಯರಿಗೂ ಹೆತ್ತವರಿಗೂ ಕೆಲವು ಮಾತುಗಳನ್ನು ತಿಳಿಸುವೆವು.

ಪಣಂಬೂರಿನ ಕಡಲತೀರದಲ್ಲಿ ಮಕ್ಕಳು ಒದ್ದೆ ಮರಳಿನ ಮೇಲೆ ಬರೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮರಳಿಗೆ ಬೇಕಾದದ್ದು ಒತ್ತಡ ಮಾತ್ರ. ಬೆರಳಾದರೂ ಸರಿ, ಕಡ್ಡಿಯಾದರೂ ಸರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಎನ್‌ಕೋರ್ ಸಂಸ್ಥೆಯವರೊಡನೆ ಕೂಡಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕದ ತೆರೆಯೂ ಇಂಥದ್ದೇ ಆಗಿತ್ತು. ಕಡ್ಡಿಯಿಂದ ಒತ್ತಿದಲ್ಲಿ ಎರಡು ತೆಳುಪದರಗಳು ಒಂದನ್ನೊಂದು ಮುಟ್ಟಿ ಆ ಸ್ಥಳವನ್ನು ತಿಳಿಸುತ್ತಿದ್ದವು. ನಮ್ಮ ನಾಡಿನದೇ ಆದ ಆ ಯಂತ್ರವು ಹೆಚ್ಚು ಕಾಲ ಬಾಳದೆ ಹೋದದ್ದು ವಿಷಾದಕರ.

ಈಗಿನ ಗಾಜು ಒತ್ತಡವನ್ನಲ್ಲ, ವಿದ್ಯುತ್ತನ್ನು ಅರಿಯುತ್ತದೆ. ರಬ್ಬರು ತುದಿಯ ಅಗ್ಗದ ಕಡ್ಡಿಯು ಬೆರಳಿಗೆ ಬದಲಷ್ಟೇ. ಉತ್ತಮ ಲೇಖನಿಗಳಲ್ಲಿ ಒಂದು ಬಗೆಯದರೊಳಗೆ ತಂತಿಸುರುಳಿಯಿರುತ್ತದೆ. ಹಲಗೆಯ ಅಡಿಯಲ್ಲಿರುವ ತಂತಿಜಾಲದ ಕಾಂತಕ್ಷೇತ್ರದಿಂದಲೇ ಅದು ಶಕ್ತಿಯನ್ನು ಪಡೆದು ಮರುಸೂಚನೆಯನ್ನು ಕಳುಹಿಸುವುದರಿಂದ ಅದಕ್ಕೆ ಬ್ಯಾಟರಿ ಬೇಡ. ಮತ್ತೊಂದು ಬಗೆಯದು ತನ್ನ ಬ್ಯಾಟರಿಯಿಂದ ಸೂಚನೆ ಕೊಡುತ್ತದೆ.

ಬರೆದುದನ್ನು ಚಿತ್ರವಾಗಿ ಇಟ್ಟುಕೊಳ್ಳುವುದು ಯಂತ್ರಕ್ಕೆ ಸುಲಭ. ಅಕ್ಷರವಾಗಿ ಓದುವುದೇ ಕಷ್ಟ. ‘ಸ್ತ್ರೀ’ ಎಂಬ ಶಬ್ದವನ್ನು ನೋಡಿರಿ. ನಮ್ಮಲ್ಲಿ ಹೆಚ್ಚಿನವರು ಮೊದಲು ‘ಸಿ’ ಬರೆದು, ಕೆಳಗೆ ತಕಾರ ರಕಾರಗಳ ಒತ್ತುಗಳನ್ನು ಕೊಟ್ಟು, ಕಡೆಗೆ ದೀರ್ಘವನ್ನೆಳೆಯುತ್ತೇವೆ. ಯಂತ್ರವಾದರೋ ಸಕಾರ, ತಕಾರ, ರಕಾರಗಳನ್ನು ಮುಂದಿಟ್ಟು ಸ್ವರವನ್ನು ಕೊನೆಗಿಡುತ್ತದೆ. ಕೈಯ ಕ್ರಮವನ್ನು ತನ್ನ ಕ್ರಮಕ್ಕೆ ತಿರುಗಿಸಿಕೊಳ್ಳಬೇಕಾದುದು ಅದರ ಕೆಲಸ. ಗೆರೆಯೆಳೆದ ಕ್ರಮವೂ ಅದಕ್ಕೆ ತಿಳಿದಿರುವುದರಿಂದ, ಕಾಗದದ ಬರಹವನ್ನು ಓದುವುದಕ್ಕಿಂತ ಇದು ಎಷ್ಟೋ ಲೇಸು. ಆದರೂ ಅಡಿಯ ಒಂದು ಸಣ್ಣ ಗೀಟು ಅಸ್ಪಷ್ಟವಾದರೆ ಧನವು ದನವಾಗುವುದುಂಟು. ಈ ಅನರ್ಥವು ಶಾಲೆಯ ನಕಲುಪುಸ್ತಕಗಳಲ್ಲಿಯೂ ನಡೆದದ್ದೇ!

2015ರಲ್ಲಿ ಗೂಗಲ್ ಸಂಸ್ಥೆಯು ಆಂಡ್ರಾಯ್ಡ್ ಫೋನುಗಳಿಗಾಗಿ ಹೊರಡಿಸಿದ ಕೈಬರಹದ ಸಾಧನವು 82 ಭಾಷೆಗಳನ್ನು ಓದಬಲ್ಲದಾಗಿತ್ತು. ಅವುಗಳಲ್ಲಿ ಕನ್ನಡವೂ ಒಂದು. ಇದರ ಪ್ರಯೋಜನವು ಎಳೆಯರಿಗಿಂತ ತಾಯಂದಿರಿಗೇ ಹೆಚ್ಚೆಂದು ನಮ್ಮ ಎಣಿಕೆ. ದುಂಡಗಿನ ಅಕ್ಷರಗಳಲ್ಲಿ ಕಾಗದ ಬರೆಯುತ್ತಿದ್ದವರು, ಕೀಲಿಮಣೆ ತಿಳಿಯದ ಕಾರಣ, ದೂರದ ಮಗಳಿಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದಾರೆ. ಅಂಥವರು ಫೋನಿನ ಮೇಲೆ ಬೆರಳಿನಿಂದಲೇ ಆರಂಭಿಸಬಹುದು. ಲೇಖನಿಯನ್ನು ಕೊಳ್ಳುವವರು ಅದು ತಮ್ಮ ಹಲಗೆಗೆ ಹೊಂದುವುದೋ, ಅಂಗೈಯನ್ನು ಗಾಜಿನ ಮೇಲೆ ಊರಿ ಬರೆದರೆ ಬೇಡದ ಗೆರೆಗಳು ಬೀಳುವವೋ ಎಂಬುದನ್ನು ಅಂಗಡಿಯಲ್ಲಿಯೇ ಬರೆದು ನೋಡತಕ್ಕದ್ದು.