ಲೆಕ್ ವಲೇಸಾ: ಎಲೆಕ್ಟ್ರಿಷಿಯನ್ ಆಗಿದ್ದ ರಾಷ್ಟ್ರಾಧ್ಯಕ್ಷ

ಜನನ 1943ರ ಸೆಪ್ಟೆಂಬರ್ 29, ಪೋಲೆಂಡಿನ ಪೊಪೊವೊ ಗ್ರಾಮ. ತಂದೆ ಬಡಗಿ. 1967ರಲ್ಲಿ ಗ್ಡಾನ್ಸ್ಕ್‌ನ ಲೆನಿನ್ ಹಡಗು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ, 1976ರಲ್ಲಿ ವಜಾ.

ಗಮನವಿಟ್ಟು ಓದಬೇಕಾದದ್ದು 1980ರ ಆಗಸ್ಟ್. ಮಾಂಸದ ಬೆಲೆ ಏರಿ ಜನ ಮೊದಲೇ ಕುದಿಯುತ್ತಿದ್ದರು. ಅಷ್ಟರಲ್ಲಿ ಅದೇ ಕಾರ್ಖಾನೆಯ ಕ್ರೇನ್ ಚಾಲಕಿ ಅನ್ನಾ ವಾಲೆಂಟಿನೋವಿಚ್ ಅವರನ್ನು, ನಿವೃತ್ತಿಗೆ ಕೆಲವೇ ತಿಂಗಳಿರುವಾಗ, ಕೆಲಸದಿಂದ ತೆಗೆದರು. 14ರಂದು ಮುಷ್ಕರ ಶುರು. ವಲೇಸಾ ಅದರ ಮುಂದಾಳು. 31ರಂದು, 21 ಬೇಡಿಕೆಗಳ ಮೇಲೆ, ಸರ್ಕಾರದೊಡನೆ ಒಪ್ಪಂದ. ಪೋಪ್ ಎರಡನೇ ಜಾನ್ ಪಾಲ್ ಚಿತ್ರವಿದ್ದ ಭಾರಿ ಗಾತ್ರದ ಪೆನ್ನಿನಿಂದ ವಲೇಸಾ ಸಹಿ ಹಾಕಿದರು. ಇದನ್ನು ಪರೀಕ್ಷೆಯಲ್ಲಿ ಯಾರೂ ಪ್ರಶ್ನೆಯಾಗಿ ಕೇಳಲಾರರು, ಆದರೆ ಘಟನೆ ನೆನಪಿನಲ್ಲಿ ಉಳಿಯುತ್ತದೆ. ಈ ಒಪ್ಪಂದದಿಂದ ಹುಟ್ಟಿದ್ದೇ ‘ಸಾಲಿಡಾರಿಟಿ’: ಸೋವಿಯತ್ ಬಣದಲ್ಲಿ ಸರ್ಕಾರದ ಹಿಡಿತಕ್ಕೆ ಸಿಗದೆ ಮಾನ್ಯತೆ ಪಡೆದ ಮೊದಲ ಕಾರ್ಮಿಕ ಸಂಘ. ಸದಸ್ಯರು ಸುಮಾರು 1 ಕೋಟಿ.

1981ರ ಡಿಸೆಂಬರ್ 13ರಂದು ಸೇನಾಡಳಿತ ಹೇರಿಕೆ, ವಲೇಸಾ ಬಂಧನ. 1983ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ. ದೇಶ ಬಿಟ್ಟರೆ ಮರಳಲು ಬಿಡಲಾರರೆಂಬ ಅಳುಕಿನಿಂದ, ಅದನ್ನು ಸ್ವೀಕರಿಸಲು ಪತ್ನಿ ಡನೂಟಾ ಅವರನ್ನು ಕಳುಹಿಸಿದರು.

ಅಭ್ಯರ್ಥಿಗಳು ಎಡವುವುದು ಇಲ್ಲಿ: 1989ರಲ್ಲಿ ಕಮ್ಯುನಿಸ್ಟೇತರ ಪ್ರಧಾನಿಯಾದವರು ತದೇಉಷ್ ಮಜೋವಿಯೆಟ್ಸ್ಕಿ, ವಲೇಸಾ ಅಲ್ಲ. ವಲೇಸಾ 1990ರಿಂದ 1995ರವರೆಗೆ ಅಧ್ಯಕ್ಷರು. 1995ರ ಚುನಾವಣೆಯಲ್ಲಿ ಮಾಜಿ ಕಮ್ಯುನಿಸ್ಟ್ ಅಲೆಕ್ಸಾಂದರ್ ಕ್ವಾಶ್ನೆವ್ಸ್ಕಿ ಎದುರು ಸೋತರು.